ಕಾಲೇಜಿನ ತೀರ್ಮಾನ ಎಲ್ಲರದ್ದೂ ಆಗಬೇಕಾದರೆ: ಗಡಿನಾಡಿನ ಕಾಲೇಜುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೊದಲು ಒಂದು ಬಸ್ಸಿನ ಕಥೆ ಹೇಳಿಬಿಡುತ್ತೇನೆ.

ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ನಾನು ಪಾಠ ಮಾಡುತ್ತಿದ್ದಾಗ ನಡೆದದ್ದು ಇದು. ಒಂದು ಜೂನಿನಲ್ಲಿ ಮೊದಲ ಪೀರಿಯಡ್ ಒಂಬತ್ತೂವರೆಯಿಂದ ಒಂಬತ್ತಕ್ಕೆ ಬಂತು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಬೆಳಗ್ಗೆ ಬೇಗ ಶುರು ಮಾಡಿದರೆ ಮಧ್ಯಾಹ್ನದ ಲ್ಯಾಬಿಗೆ ಅರ್ಧ ಗಂಟೆ ಜಾಸ್ತಿ ಸಿಗುತ್ತದೆ ಎಂಬ ಲೆಕ್ಕ. ನೋಟಿಸ್ ಅಂಟಿಸಿದರು, ಅಲ್ಲಿಗೆ ಮುಗಿಯಿತು. ಎರಡು ತಿಂಗಳು ಕಳೆದು ಹಾಜರಿ ಪುಸ್ತಕ ತೆರೆದರೆ, ಒಳ ಊರುಗಳಿಂದ ಬರುವ ಮಕ್ಕಳ ಹೆಸರಿನ ಮುಂದೆ ಮೊದಲ ಪೀರಿಯಡಿಗೆ ಸಾಲಾಗಿ ಗೈರು. ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. 'ಬೇಗ ಏಳ್ಲಿಕ್ಕೆ ಇವರಿಗೆ ಎಂತ ಕಷ್ಟ?' ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು. ಕೊನೆಗೆ ಬಾಯಿ ಬಿಟ್ಟವರು ನಮ್ಮ ಅಟೆಂಡರ್. 'ಟೀಚರ್, ಆ ದಾರಿಯ ಮೊದಲ ಬಸ್ಸೇ ಇಲ್ಲಿಗೆ ಮುಟ್ಟುವುದು ಒಂಬತ್ತೂ ಹತ್ತಕ್ಕೆ. ಮಕ್ಕಳು ಎಂತ ಮಾಡುವುದು?'

ಅವರಿಗೆ ಜೂನಿನಲ್ಲೇ ಗೊತ್ತಿತ್ತು. ಕೇಳಿದವರಿರಲಿಲ್ಲ.

ಹಂಚಿಕೊಂಡ ಆಡಳಿತ ಎಂದರೆ ಪ್ರತಿಯೊಂದಕ್ಕೂ ಕೈ ಎತ್ತಿಸುವುದಲ್ಲ. ಪ್ರಿನ್ಸಿಪಾಲರ ಅಧಿಕಾರ ಕಿತ್ತುಕೊಳ್ಳುವುದೂ ಅಲ್ಲ. ಬಸ್ಸಿನ ಸಮಯ ಗೊತ್ತಿರುವವರ ಮಾತು ನೋಟಿಸ್ ಅಂಟಿಸುವ ಮೊದಲೇ ಮೇಜಿಗೆ ಬರುವ ಹಾಗೆ ದಾರಿ ಮಾಡುವುದು, ಅಷ್ಟೇ. ಕಾಲೇಜ್ ಕೌನ್ಸಿಲಿನ ಕಾರ್ಯದರ್ಶಿಯಾಗಿ ಕೆಲವು ವರ್ಷ ಒದ್ದಾಡಿದ ಮೇಲೆ, ಕೆಲಸಕ್ಕೆ ಬಂದದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾವ ತೀರ್ಮಾನ ಎಲ್ಲಿ ಆಗುತ್ತದೆ, ಪಟ್ಟಿ ಮಾಡಿ

ಹಳೆ ಕ್ಯಾಲೆಂಡರಿನ ಹಿಂಬದಿ ಸಾಕು. ಎಡಗಡೆ ವರ್ಷವಿಡೀ ಕಾಲೇಜಿನಲ್ಲಿ ಆಗುವ ತೀರ್ಮಾನಗಳನ್ನು ಬರೆಯಿರಿ. ಟೈಮ್ ಟೇಬಲ್, ಇಂಟರ್ನಲ್ ಪರೀಕ್ಷೆಯ ದಿನ, ಗೆಸ್ಟ್ ಅಧ್ಯಾಪಕರಿಗೆ ಯಾವ ಕ್ಲಾಸ್, ಪಿಟಿಎ (ಪೋಷಕ-ಶಿಕ್ಷಕ ಸಂಘ) ಹಣದ ಖರ್ಚು, ಲೈಬ್ರರಿಗೆ ಯಾವ ಪುಸ್ತಕ, ಕ್ಯಾಂಟೀನ್ ಯಾರಿಗೆ, ಕಲೋತ್ಸವ ಯಾವಾಗ. ಇಪ್ಪತ್ತು ಬಂದರೆ ಧಾರಾಳ. ಪ್ರತಿಯೊಂದರ ಮುಂದೆ ಮೂರು ಕಲಂ ಎಳೆಯಿರಿ: ತೀರ್ಮಾನ ಮಾಡುವವರು ಯಾರು, ಅದಕ್ಕೆ ಮೊದಲು ಕೇಳಬೇಕಾದವರು ಯಾರು, ಆಮೇಲೆ ಹೇಳಬೇಕಾದವರು ಯಾರು.

ಮೊದಲ ಕಲಂ ಸುಲಭ. ಸಿಲಬಸ್ ಮತ್ತು ಸೆಮಿಸ್ಟರ್ ಪರೀಕ್ಷೆ ವಿಶ್ವವಿದ್ಯಾಲಯದ ಕೈಯಲ್ಲಿ. ಇಲ್ಲಿನ ಹೆಚ್ಚಿನ ಡಿಗ್ರಿ ಕಾಲೇಜುಗಳಿಗೆ ಅದು 1996ರಲ್ಲಿ ಶುರುವಾದ ಕಣ್ಣೂರು ವಿಶ್ವವಿದ್ಯಾಲಯ. ಹುದ್ದೆ, ಸಂಬಳ ಸರ್ಕಾರದ್ದು. ಅನುದಾನಿತ ಮತ್ತು ಸ್ವಾಶ್ರಯ (ಸರ್ಕಾರದ ಅನುದಾನ ಇಲ್ಲದ) ಕಾಲೇಜುಗಳಲ್ಲಿ ಕೆಲವು ವಿಷಯ ಮ್ಯಾನೇಜ್‌ಮೆಂಟಿಗೆ ಸೇರಿದ್ದು. ಇದನ್ನು ಮೊದಲೇ ಗೆರೆ ಎಳೆದು ಹೇಳಿಬಿಡಿ. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಮ್ಮೊಳಗೆ ಜಗಳ ಆಡಿ ಎಷ್ಟು ಮೀಟಿಂಗ್ ಹಾಳಾಗಿದೆ ಅಂತ ನನಗೆ ಗೊತ್ತು.

ಕಷ್ಟ ಇರುವುದು ಎರಡನೇ ಕಲಮಿನಲ್ಲಿ. ಅಲ್ಲಿ ಖಾಲಿ ಬಿದ್ದ ಜಾಗಗಳೇ ನಿಮ್ಮ ಕಾಲೇಜಿನ ರೋಗ. ನಮ್ಮಲ್ಲಿ ಟೈಮ್ ಟೇಬಲಿನ ಮುಂದೆ 'ಕೇಳಬೇಕಾದವರು' ಖಾಲಿ ಇತ್ತು.

ಹೆಜ್ಜೆ 2: ಹೊಸ ಸಮಿತಿ ಬೇಡ, ಮಲಗಿದ್ದನ್ನು ಎಬ್ಬಿಸಿ

ಏನಾದರೂ ತೊಂದರೆ ಬಂದ ಕೂಡಲೇ ಒಂದು ಸಮಿತಿ ಮಾಡುವ ಚಾಳಿ ನಮಗಿದೆ. ಬೇಡ. ಕಾನೂನು ಕೇಳಿರುವ ಸಮಿತಿಗಳೇ ಬೇಕಾದಷ್ಟು ಇವೆ. ಹೆಚ್ಚಿನ ಕಡೆ ಅವು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ತಿಂಗಳು ಮಾತ್ರ ಕಣ್ಣು ಬಿಡುತ್ತವೆ.

ಕಾಲೇಜ್ ಕೌನ್ಸಿಲ್ ಇದೆ. ಪ್ರಿನ್ಸಿಪಾಲರು, ವಿಭಾಗ ಮುಖ್ಯಸ್ಥರು ಇರುತ್ತಾರೆ. ಇದನ್ನು ತಿಂಗಳಿಗೊಮ್ಮೆ ಒಂದೇ ದಿನಕ್ಕೆ ಗಂಟು ಹಾಕಿ. ನಾವು ಮೊದಲ ಬುಧವಾರ ಅಂತ ಇಟ್ಟುಕೊಂಡಿದ್ದೆವು.

ಐಕ್ಯೂಎಸಿ, ಅಂದರೆ ಕಾಲೇಜಿನ ಒಳಗೇ ಗುಣಮಟ್ಟ ನೋಡಿಕೊಳ್ಳುವ ಘಟಕ ಇದೆ. ಇದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮೂರರಲ್ಲಿ ಎರಡು ಪಾಲು ಸದಸ್ಯರು ಇರಬೇಕು. ಇದರಲ್ಲಿ ವಿದ್ಯಾರ್ಥಿ, ಹಳೆ ವಿದ್ಯಾರ್ಥಿ, ಊರಿನವರು ಎಲ್ಲರಿಗೂ ಜಾಗ ಇದೆ. ಆ ಜಾಗಕ್ಕೆ ಯಾರನ್ನು ಕರೆದಿದ್ದೀರಿ ನೋಡಿ. ಪ್ರತಿ ಸಲ ಮೈಕ್ ಹಿಡಿಯುವ ಅದೇ ಇಬ್ಬರಾ? ಹಳೆ ವಿದ್ಯಾರ್ಥಿಗಳಲ್ಲಿ ಪಂಚಾಯತಿನಲ್ಲಿ ಕೆಲಸ ಮಾಡುವವರು, ಅಂಗಡಿ ಇಟ್ಟವರು, ಬಸ್ ಓಡಿಸುವವರೂ ಇದ್ದಾರೆ.

ವಿದ್ಯಾರ್ಥಿಗಳ ದೂರು ನೋಡುವ ಸಮಿತಿ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮ ಇದಕ್ಕೆ ಲೆಕ್ಕ ಹಾಕಿ ಕೊಟ್ಟಿದೆ. ಒಬ್ಬರು ಅಧ್ಯಕ್ಷರು, ನಾಲ್ವರು ಹಿರಿಯ ಅಧ್ಯಾಪಕರು, ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿ. ಇವರಲ್ಲಿ ಕನಿಷ್ಠ ಒಬ್ಬರು ಮಹಿಳೆ, ಒಬ್ಬರು ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರು ಇರಬೇಕು. ದೂರು ಸಿಕ್ಕಿದ 15 ಕೆಲಸದ ದಿನಗಳೊಳಗೆ ವರದಿ ಆಗಬೇಕು, ಅದರ ಒಂದು ಪ್ರತಿ ದೂರು ಕೊಟ್ಟ ಮಗುವಿನ ಕೈಗೂ ಸಿಗಬೇಕು. ಉತ್ತರ ಸರಿ ಕಾಣದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ (ಮೇಲ್ಮನವಿ ಕೇಳುವ ಅಧಿಕಾರಿ) ಹತ್ತಿರ ಹೋಗಬಹುದು. ಈ ಮಾತು ಎಷ್ಟು ಮಕ್ಕಳಿಗೆ ಗೊತ್ತು, ಒಂದು ಕ್ಲಾಸಿನಲ್ಲಿ ಕೇಳಿ ನೋಡಿ.

ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ಸಮಿತಿ, ರ‍್ಯಾಗಿಂಗ್ ತಡೆ ಸಮಿತಿ, ಪಿಟಿಎ, ವಿದ್ಯಾರ್ಥಿ ಯೂನಿಯನ್ ಕೂಡ ಇವೆ. ಯೂನಿಯನ್ ಚುನಾವಣೆ ವರ್ಷ ಶುರುವಾಗಿ ಆರರಿಂದ ಎಂಟು ವಾರದೊಳಗೆ ಆಗಬೇಕು ಎಂದು ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಎಂದು ನೋಡಿದ ಲಿಂಗ್ಡೋ ಸಮಿತಿ 2006ರಲ್ಲೇ ಹೇಳಿದೆ. ತಡ ಮಾಡಿದಷ್ಟೂ ಮಕ್ಕಳ ಕಡೆಯಿಂದ ಮಾತಾಡುವವರೇ ಇಲ್ಲದ ತಿಂಗಳುಗಳು ಜಾಸ್ತಿ.

ಹೆಜ್ಜೆ 3: ಅಜೆಂಡಾ ಮೂರು ದಿನ ಮೊದಲು

ಮೀಟಿಂಗಿಗೆ ಬಂದು ಕೂತ ಮೇಲೆ ವಿಷಯ ಗೊತ್ತಾದರೆ, ಅದು ಮೀಟಿಂಗ್ ಅಲ್ಲ, ಘೋಷಣೆ. ಸ್ಟಾಫ್ ರೂಮಿನ ಬಾಗಿಲಿಗೆ ಒಂದು ಹಾಳೆ ನೇತು ಹಾಕಿ. ಯಾರು ಬೇಕಾದರೂ ಅದರಲ್ಲಿ ವಿಷಯ ಬರೆಯಬಹುದು: ಕಚೇರಿಯವರು, ಲೈಬ್ರರಿಯವರು, ಗೆಸ್ಟ್ ಅಧ್ಯಾಪಕರು, ಕ್ಲಾಸ್ ಪ್ರತಿನಿಧಿಗಳು. ಮೂರು ದಿನ ಇರುವಾಗ ಹಾಳೆ ತೆಗೆದು, ಅಜೆಂಡಾ ಮಾಡಿ, ಎಲ್ಲರಿಗೂ ಹಂಚಿ. ಕ್ಲಾಸ್ ಪ್ರತಿನಿಧಿಗಳಿಗೂ ಹೋಗಲಿ. ಮೂರು ದಿನದಲ್ಲಿ ಅವರು ತಮ್ಮ ಕ್ಲಾಸಿನಲ್ಲಿ ಕೇಳಿಕೊಂಡು ಬರುತ್ತಾರೆ. ಬಸ್ಸಿನ ವಿಷಯ ಬರುತ್ತಿದ್ದದ್ದು ಹೀಗೆಯೇ.

ಒಂದು ಎಚ್ಚರಿಕೆ. ಅಜೆಂಡಾದ ಕೊನೆಯಲ್ಲಿ 'ಇತರ ವಿಷಯಗಳು' ಅಂತ ಒಂದು ಸಾಲು ಇರುತ್ತದಲ್ವಾ? ದೊಡ್ಡ ದೊಡ್ಡ ತೀರ್ಮಾನಗಳೆಲ್ಲ ಅಲ್ಲಿಂದಲೇ ನುಸುಳುತ್ತವೆ. ನಾಲ್ಕೂವರೆ ಆಗಿದೆ, ಎಲ್ಲರ ಕಣ್ಣು ಗಡಿಯಾರದ ಮೇಲೆ, ಆಗ ಯಾರೋ 'ಇನ್ನೊಂದು ಸಣ್ಣ ವಿಷಯ' ಎನ್ನುತ್ತಾರೆ. ನಮ್ಮ ಒಂಬತ್ತು ಗಂಟೆಯೂ ಹಾಗೇ ಪಾಸಾದದ್ದು. 'ಇತರ ವಿಷಯ'ದಲ್ಲಿ ಬಂದದ್ದನ್ನು ಚರ್ಚೆ ಮಾಡಬಹುದು, ತೀರ್ಮಾನ ಮಾತ್ರ ಮುಂದಿನ ಸಭೆಗೆ. ಈ ಒಂದು ನಿಯಮ ತಂದರೆ ಅರ್ಧ ತಲೆನೋವು ಕಡಿಮೆ.

ಹೆಜ್ಜೆ 4: ಕಿರಿಯರು ಮೊದಲು, ಪ್ರಿನ್ಸಿಪಾಲರು ಕೊನೆಗೆ

ಪ್ರಿನ್ಸಿಪಾಲರು ಮೊದಲು ಮಾತಾಡಿದರೆ ಉಳಿದವರು ತಲೆ ಆಡಿಸುತ್ತಾರೆ. ನಿಜವಾದ ಮೀಟಿಂಗ್ ಆಮೇಲೆ ಕ್ಯಾಂಟೀನಿನಲ್ಲಿ ಆಗುತ್ತದೆ. ಆದ್ದರಿಂದ ಸರದಿ ಮಗುಚಿ. ಈ ವರ್ಷ ಸೇರಿದವರು ಮೊದಲು, ಹಿರಿಯರು ಆಮೇಲೆ, ಪ್ರಿನ್ಸಿಪಾಲರು ಎಲ್ಲರ ನಂತರ. ಗೆಸ್ಟ್ ಅಧ್ಯಾಪಕರನ್ನು ಸುಮ್ನೆ ಕೂರಿಸಬೇಡಿ. ಮುಂದಿನ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಅವರು ತಾವಾಗಿ ಬಾಯಿ ಬಿಡುವುದಿಲ್ಲ. ಹೆಸರು ಹಿಡಿದು ಕೇಳಬೇಕು. ಕಚೇರಿಯ ಕಡೆಯಿಂದಲೂ ಒಬ್ಬರು ಇರಲಿ.

ಕುಂಬಳೆ ಸೀಮೆಯವರಿಗೆ ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಗೊತ್ತಿದೆ. ಇದಿರು ಕೂತ ಅರ್ಥಧಾರಿ (ಪಾತ್ರದ ಮಾತು ಆಡುವವರು) ಎಷ್ಟೇ ಖಾರವಾಗಿ ಹೇಳಲಿ, ಅವರ ಮಾತು ಮುಗಿಯುವ ತನಕ ಇವರು ಕಾಯುತ್ತಾರೆ. ಆಮೇಲೆ ಆ ಮಾತನ್ನೇ ಎತ್ತಿಕೊಂಡು ಉತ್ತರ ಕೊಡುತ್ತಾರೆ. ಹಿಡಿತ ತಪ್ಪಿದರೆ ಹಾಡುಗಾರರಾದ ಭಾಗವತರು ಪದ ಎತ್ತಿ ಪ್ರಸಂಗವನ್ನು ದಾರಿಗೆ ತರುತ್ತಾರೆ. ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ಇರುವುದು ಅರ್ಥಧಾರಿಗಳು ಮಾತ್ರ. ಭಾಗವತಿಕೆಗೆ ಒಬ್ಬರನ್ನು ನೇಮಿಸಿ. ಅವರ ಕೆಲಸ ಮೂರೇ: ಸಮಯ ನೋಡುವುದು, ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾರದಂತೆ ತಡೆಯುವುದು, ವಿಷಯ ತಪ್ಪಿದರೆ ಹಿಂದಕ್ಕೆ ಎಳೆಯುವುದು. ಪ್ರಿನ್ಸಿಪಾಲರೇ ಆ ಕೆಲಸ ಮಾಡಿದರೆ ಅವರಿಗೂ ಕಷ್ಟ, ಉಳಿದವರಿಗೂ ಕಷ್ಟ.

ಹೆಜ್ಜೆ 5: ಮಿನಿಟ್ಸ್ ಬುಕ್

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಮಾಡಲು ನಿಮಗೆ ಪುರುಸೊತ್ತು ಇದ್ದರೆ, ಇದನ್ನೇ ಮಾಡಿ.

ಒಂಬತ್ತು ಗಂಟೆಯ ತೀರ್ಮಾನ ಯಾರದ್ದು ಅಂತ ಹುಡುಕಿಕೊಂಡು ನಾನು ಹಳೆ ಮಿನಿಟ್ಸ್ ಬುಕ್ ತೆರೆದೆ. ಸಿಕ್ಕಿದ್ದು ಇಷ್ಟು:

'ತರಗತಿಯ ಸಮಯ ಬದಲಾವಣೆಯ ಬಗ್ಗೆ ಚರ್ಚಿಸಲಾಯಿತು. ಸಭೆ ಅಂಗೀಕರಿಸಿತು.'

ಯಾರು ಕೇಳಿದ್ದು? ಯಾಕೆ? ಯಾರಾದರೂ ಬೇಡ ಅಂದರಾ? ಒಂದೂ ಇಲ್ಲ. ಕೆಳಗೆ ಹದಿನೆಂಟು ಸಹಿ ಇತ್ತು. ಅದರಲ್ಲಿ ಒಂದು ನನ್ನದೇ.

ಆಮೇಲೆ ಸಮಯವನ್ನು ಮತ್ತೆ ಚರ್ಚೆಗೆ ತಂದಾಗ ನಾವು ಬರೆದದ್ದು ಹೀಗೆ:

'ವಿಷಯ 3: ಮೊದಲ ಪೀರಿಯಡಿನ ಸಮಯ. ಕೇಳಿದವರು: ರಸಾಯನಶಾಸ್ತ್ರ ವಿಭಾಗ. ಕಾರಣ: ಮಧ್ಯಾಹ್ನದ ಲ್ಯಾಬಿಗೆ ಸಮಯ ಸಾಲುವುದಿಲ್ಲ. ಆಕ್ಷೇಪ: ಒಳ ಊರಿನ ಬಸ್ 9.10ಕ್ಕೆ ಮುಟ್ಟುತ್ತದೆ, ತೊಂದರೆ ಆಗುವ ಮಕ್ಕಳ ಪಟ್ಟಿಯನ್ನು ಕ್ಲಾಸ್ ಪ್ರತಿನಿಧಿಗಳು ಕೊಟ್ಟಿದ್ದಾರೆ. ತೀರ್ಮಾನ: 9.20ಕ್ಕೆ ಶುರು, ಮಧ್ಯಾಹ್ನದ ಬಿಡುವಿನಲ್ಲಿ 10 ನಿಮಿಷ ಕಡಿತ, ಲ್ಯಾಬಿಗೆ ಒಟ್ಟು 20 ನಿಮಿಷ ಜಾಸ್ತಿ. ಹೊಣೆ: ಟೈಮ್ ಟೇಬಲ್ ಸಮಿತಿ. ಒಪ್ಪದವರು: ಇಬ್ಬರು, ಊಟಕ್ಕೆ ಸಮಯ ಸಾಲದು ಎಂಬ ಕಾರಣಕ್ಕೆ. ಮತ್ತೆ ನೋಡುವುದು: ಓಣಂ ರಜೆ ಕಳೆದ ಮೊದಲ ಸಭೆಯಲ್ಲಿ.'

ಎಂಟು ಸಾಲು. ಬರೆಯಲು ಐದು ನಿಮಿಷ. ಇದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು 'ಒಪ್ಪದವರು' ಎಂಬ ಸಾಲು. ತಮ್ಮ ಬೇಡ ಎಂಬ ಮಾತು ಕಾಗದದಲ್ಲಿ ಉಳಿಯಿತು ಎಂದು ಗೊತ್ತಾದರೆ ಜನ ಸಭೆಯಲ್ಲೇ ಹೇಳುತ್ತಾರೆ, ಹೊರಗೆ ಗೊಣಗುವುದು ಕಡಿಮೆ ಆಗುತ್ತದೆ. ಎರಡು ದಿನದೊಳಗೆ ಮಿನಿಟ್ಸಿನ ಪ್ರತಿ ಲೈಬ್ರರಿಯ ಮೇಜಿಗೆ ಬರಬೇಕು. ಯಾರೂ ಓದದಿದ್ದರೂ ಅಲ್ಲಿ ಇರಬೇಕು. ಖಾಲಿ ಹಾಳೆಗೆ ಮೊದಲೇ ಸಹಿ ಹಾಕಿಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ.

ಎಲ್ಲವೂ ಬೋರ್ಡಿಗೆ ಬರಬೇಕು ಎಂದಲ್ಲ. ಆಂತರಿಕ ಸಮಿತಿಗೆ ಬಂದ ದೂರಿನಲ್ಲಿ ಹೆಸರು, ವಿಳಾಸ, ವಿಚಾರಣೆಯ ವಿವರ ಹೊರಗೆ ಹಾಕುವುದನ್ನು ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾನೂನೇ ತಡೆಯುತ್ತದೆ. ಮಗುವಿನ ಅಂಕ, ಮನೆಯ ಕಷ್ಟ, ಕಾಯಿಲೆ ಕೂಡ ಹಾಗೆಯೇ. ಮುಚ್ಚಿಡುವುದು ಯಾವುದು ಎಂಬ ಪಟ್ಟಿ ಚಿಕ್ಕದಿರಲಿ, ಅದನ್ನು ಎಲ್ಲರೂ ನೋಡುವ ಹಾಗೆ ಬರೆದಿಡಿ.

ಹೆಜ್ಜೆ 6: ಯಾವ ಭಾಷೆಯಲ್ಲಿ ಹೇಳುತ್ತೀರಿ?

ಬೇರೆ ಕಡೆಯ ಕಾಲೇಜುಗಳಿಗೆ ಈ ಹೆಜ್ಜೆ ಬೇಕಾಗುವುದಿಲ್ಲ. ನಮಗೆ ಇದಿಲ್ಲದೆ ಉಳಿದದ್ದು ಯಾವುದೂ ನಡೆಯುವುದಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿ ಬಂದ ಮಗು ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಂತರೆ, ಅಲ್ಲಿ ಇರುವುದು ಮಲಯಾಳಂ ಅಥವಾ ಇಂಗ್ಲಿಷ್.

ಕೇಳಿದರೆ ಅರ್ಥವಾದ ಹಾಗೆ ಕಾಣುತ್ತದೆ. ಅಪಾಯ ಇರುವುದೇ ಅಲ್ಲಿ. ಎರಡೂ ಭಾಷೆಗೆ ಸಂಸ್ಕೃತದಿಂದ ಒಂದೇ ಪದ ಬಂದಿದೆ, ಅರ್ಥ ಮಾತ್ರ ಬೇರೆ ದಾರಿ ಹಿಡಿದಿದೆ. ಮಲಯಾಳದಲ್ಲಿ 'ಅವಧಿ' ಎಂದರೆ ರಜೆ, ನಮಗೆ ಅದು ಕಾಲದ ಲೆಕ್ಕ. ಅವರ 'ಅಪೇಕ್ಷ' ಎಂದರೆ ಅರ್ಜಿ, ನಮ್ಮ ಅಪೇಕ್ಷೆ ಎಂದರೆ ಆಸೆ. 'ಅನುವಾದಂ' ಎಂದರೆ ಅನುಮತಿ. ಪ್ರಿನ್ಸಿಪಾಲರ 'ಅನುವಾದಂ' ಬೇಕು ಅಂದಾಗ ಮೊದಲ ವರ್ಷದ ಹುಡುಗನೊಬ್ಬ ತನ್ನ ಅರ್ಜಿ ಹಿಡಿದುಕೊಂಡು, ಇಂಗ್ಲಿಷಿಗೆ ಮಾಡಿಕೊಡಿ ಅಂತ ನನ್ನ ಹತ್ತಿರ ಬಂದಿದ್ದ. ಇನ್ನು ಫೀಸಿನ 'ಅವಸಾನ ತೀಯತಿ' (ಕೊನೆಯ ದಿನಾಂಕ) ಓದಿ ಮಕ್ಕಳು ನಗುತ್ತಾರೆ. ನಮ್ಮಲ್ಲಿ ಅವಸಾನ ಆಗುವುದು ಬೇರೆ ಸಂದರ್ಭದಲ್ಲಿ, ಅಲ್ವಾ?

ಮಾಡಬೇಕಾದದ್ದು ಇಷ್ಟು. ಹಣ, ಪರೀಕ್ಷೆ, ಹಾಜರಿ, ಸ್ಕಾಲರ್‌ಶಿಪ್, ರಜೆ: ಈ ಐದು ವಿಷಯದ ನೋಟಿಸ್ ಕನ್ನಡದಲ್ಲಿಯೂ ಬರಬೇಕು, ಅದೇ ದಿನ, ಅದೇ ಬೋರ್ಡಿನಲ್ಲಿ, ಅದೇ ಗಾತ್ರದಲ್ಲಿ. ಕಾಲೇಜು ಹೆಚ್ಚು ಬಳಸುವ ನಲವತ್ತು ಪದಗಳ ಒಂದು ಪಟ್ಟಿ ಮಾಡಿ ಕಚೇರಿಯ ಕಂಪ್ಯೂಟರಿನ ಪಕ್ಕ ಅಂಟಿಸಿ. ಪದೇ ಪದೇ ಬರುವ ನೋಟಿಸಿನ ಮಾದರಿ ಮೊದಲೇ ಟೈಪ್ ಮಾಡಿಟ್ಟರೆ ದಿನಾಂಕ ಬದಲಿಸಿದರೆ ಸಾಕು. ಮೊಬೈಲಿನ ಅನುವಾದವನ್ನು ಹಾಗೇ ಅಂಟಿಸಬೇಡಿ, ಒಬ್ಬರು ಓದಿ ನೋಡಲಿ. ಹಾಗೆಂದು ಎಲ್ಲವನ್ನೂ ಕನ್ನಡ ವಿಭಾಗದ ತಲೆಗೆ ಕಟ್ಟುವುದೂ ಸರಿಯಲ್ಲ. ನಾವು ಪುಕ್ಕಟೆ ಭಾಷಾಂತರ ಕಚೇರಿ ಅಲ್ಲ. ಕೆಲಸ ಹಂಚಿ, ಅದಕ್ಕೆ ಸಮಯ ಕೊಡಿ.

ಮೇಲಿನವರಿಗೆ ಬರೆಯುವಾಗಲೂ ನೆನಪಿಡಿ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖೆಗಳ ಮುಖ್ಯಸ್ಥರಿಗೆ, ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಮಕ್ಕಳಿಗೆ ಇದನ್ನು ಹೇಳಿಕೊಡಿ.

ಸಭೆಯ ಮಾತಿಗೂ ಇದೇ. ಯಾವ ಭಾಷೆ ಬರುತ್ತದೋ ಅದರಲ್ಲಿ ಮಾತಾಡಲಿ. ಪಕ್ಕದಲ್ಲಿ ಕೂತವರು ಎರಡು ವಾಕ್ಯದಲ್ಲಿ ಸಾರ ಹೇಳಿದರಾಯಿತು. ನಮ್ಮ ಪೇಟೆಯ ಮೀನಿನ ಮಾರ್ಕೆಟಿನಲ್ಲಿ ದಿನಾ ನಡೆಯುವುದೇ ಇದು. ಕಾಲೇಜಿಗೆ ಬಂದಾಗ ಮಾತ್ರ ಯಾಕೆ ನಾಚಿಕೆ?

ಹೆಜ್ಜೆ 7: ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ

ದೂರಿನ ಪೆಟ್ಟಿಗೆ ಎಲ್ಲ ಕಾಲೇಜಿನಲ್ಲೂ ಇದೆ. ಬೀಗದ ಕೈ ಎಲ್ಲಿದೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ಒಮ್ಮೆ ತೆರೆದಾಗ ನಮಗೆ ಸಿಕ್ಕಿದ್ದು ಒದ್ದೆ ಚಾಕೊಲೇಟ್ ಕಾಗದ ಮತ್ತು ಒಂದು ಪ್ರೇಮಪತ್ರ. ಬೀಗದ ಕೈ ಎರಡು ಇರಲಿ. ಒಂದು ಅಧ್ಯಾಪಕರ ಹತ್ತಿರ, ಇನ್ನೊಂದು ಯೂನಿಯನ್ ಹತ್ತಿರ. ಶುಕ್ರವಾರ ಇಬ್ಬರೂ ಇದ್ದಾಗ ತೆರೆಯಿರಿ. ದೂರಿಗೆ ನಂಬರ್ ಹಾಕಿ. ಮುಂದಿನ ಶುಕ್ರವಾರ ಬೋರ್ಡಿನಲ್ಲಿ ಹೆಸರಿಲ್ಲದೆ ಉತ್ತರ ಹಾಕಿ: 'ನಂ. 7, ಹುಡುಗಿಯರ ಶೌಚಾಲಯದ ನೀರು: ಪಂಪ್ ರಿಪೇರಿಗೆ ಹೇಳಿದೆ, ಬುಧವಾರ ಬರುತ್ತಾರೆ.' ಆಗುವುದಿಲ್ಲ ಎಂದಿದ್ದರೆ ಆಗುವುದಿಲ್ಲ ಎಂದೇ ಬರೆದು ಕಾರಣ ಕೊಡಿ. 'ಪರಿಶೀಲಿಸಲಾಗುವುದು' ಎಂಬ ಪದವನ್ನು ಮಾತ್ರ ಬಳಸಬೇಡಿ.

ಸೆಮಿಸ್ಟರಿಗೆ ಒಮ್ಮೆ ಪ್ರಿನ್ಸಿಪಾಲರು ಒಂದು ತಾಸು ಎಲ್ಲರ ಮುಂದೆ ಕೂತು ಪ್ರಶ್ನೆ ಕೇಳಿಸಿಕೊಳ್ಳಲಿ. 2024ರ ಜುಲೈಯಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದಾಗ ಇದರ ಬೆಲೆ ಚೆನ್ನಾಗಿ ಗೊತ್ತಾಯಿತು. ಮೇಜರ್, ಮೈನರ್, ಕ್ರೆಡಿಟ್ ಅಂತ ಎಲ್ಲವೂ ಹೊಸದು. ಮಕ್ಕಳಿಗೆ ಬಿಡಿ, ನಮಗೇ ತಲೆ ತಿರುಗುತ್ತಿತ್ತು. 'ಇದು ನಮಗೂ ಪೂರ್ತಿ ಗೊತ್ತಿಲ್ಲ, ಸೋಮವಾರದೊಳಗೆ ಕೇಳಿ ಹೇಳುತ್ತೇವೆ' ಅಂತ ಎಲ್ಲರೆದುರು ಹೇಳಿ, ಸೋಮವಾರ ಹೇಳಿದ ಮೇಲೆ ಗಾಳಿಸುದ್ದಿ ತಣ್ಣಗಾಯಿತು.

ವಾಟ್ಸ್ಆ್ಯಪ್ ಗ್ರೂಪ್ ಬಗ್ಗೆ ಎರಡೇ ಮಾತು. ನೋಟಿಸಿನ ಗ್ರೂಪಿನಲ್ಲಿ ನೋಟಿಸ್ ಮಾತ್ರ ಇರಲಿ, ಕೆಳಗೆ ದಿನಾಂಕ ಮತ್ತು ಕಚೇರಿಯ ಹೆಸರು ಇರಲಿ. ಜೋರು ಮಳೆ ಬಂದ ರಾತ್ರಿ ಕಲೆಕ್ಟರ ಹೆಸರಿನಲ್ಲಿ ಹಳೆ ವರ್ಷದ ರಜೆಯ ಪೋಸ್ಟರ್ ಓಡಾಡುವುದನ್ನು ಎಲ್ಲರೂ ನೋಡಿದ್ದೇವೆ.

ಹೆಜ್ಜೆ 8: ಹಣದ ಲೆಕ್ಕ ಗೋಡೆಗೆ

ಪಿಟಿಎ ಹಣದ ಬಗ್ಗೆ ಇರುವಷ್ಟು ಅನುಮಾನ ಬೇರೆ ಯಾವುದರ ಬಗ್ಗೆಯೂ ಇಲ್ಲ. ಹೆಚ್ಚಿನ ಸಲ ಅದಕ್ಕೆ ಕಾರಣ ಮೋಸ ಅಲ್ಲ, ಮೌನ. ಅರ್ಧ ಹಾಳೆ ಸಾಕು: ಬಂದದ್ದು ಎಷ್ಟು, ಯಾವುದಕ್ಕೆ ಹೋಯಿತು, ಉಳಿದದ್ದು ಎಷ್ಟು. ಮೂರು ತಿಂಗಳಿಗೊಮ್ಮೆ ಹಾಕಿ. ಸರ್ಕಾರದ ಹಣದಲ್ಲಿ ನಡೆಯುವ ಕಾಲೇಜಿನಲ್ಲಿ ಯಾರು ಬೇಕಾದರೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, 30 ದಿನದೊಳಗೆ ಕೊಡಲೇಬೇಕು. ಕೇಳುವ ಮೊದಲೇ ತಾವಾಗಿ ಹೊರಗಿಡಬೇಕಾದ ವಿವರಗಳನ್ನೂ ಆ ಕಾಯ್ದೆಯ 4ನೇ ಸೆಕ್ಷನ್ ಪಟ್ಟಿ ಮಾಡಿದೆ. ಅರ್ಜಿ ಬಂದ ಮೇಲೆ ಹಳೆ ಫೈಲ್ ಧೂಳು ಕೊಡಹುವುದಕ್ಕಿಂತ ಇದು ಎಷ್ಟೋ ಸುಲಭ ಮಾರಾಯ್ರೇ.

ಹೆಜ್ಜೆ 9: ಬಸ್ ಸ್ಟಾಪಿನಲ್ಲಿ ಕೇಳಿ

ಸೆಮಿಸ್ಟರ್ ಅರ್ಧ ಕಳೆದಾಗ ಒಂದು ಸಂಜೆ ಬಸ್ ಸ್ಟಾಪಿಗೆ ಹೋಗಿ ಹತ್ತು ಮಕ್ಕಳನ್ನು ಕೇಳಿ: 'ಕಳೆದ ತಿಂಗಳು ಕಾಲೇಜಿನಲ್ಲಿ ಎಂತ ತೀರ್ಮಾನ ಆಯಿತು? ನಿಮಗೆ ಹೇಗೆ ಗೊತ್ತಾಯಿತು?' ಉತ್ತರ ಬರೆದುಕೊಂಡು ಬಂದು ಮುಂದಿನ ಕೌನ್ಸಿಲಿನಲ್ಲಿ ಓದಿ. ಫಾರ್ಮ್ ತುಂಬಿಸುವ ಸರ್ವೆಗಿಂತ ಇದು ಹೆಚ್ಚು ಹೇಳುತ್ತದೆ.

ನಾನು ಮೊದಲ ಸಲ ಕೇಳಿದಾಗ ಆರು ಮಕ್ಕಳಿಗೆ ಹೊಸ ಸಮಯದ ಕಾರಣ ಗೊತ್ತಿತ್ತು. ಉಳಿದವರಲ್ಲಿ ಒಬ್ಬಳು ಕೇಳಿದಳು, 'ಟೀಚರ್, ಆ ಮಿನಿಟ್ಸ್ ನಮಗೂ ನೋಡ್ಲಿಕ್ಕೆ ಆಗ್ತದಾ?' ಲೈಬ್ರರಿಯಲ್ಲಿ ಕಿಟಕಿಯ ಹತ್ತಿರದ ಮೇಜು ಅಂತ ಹೇಳಿದೆ. ಮರುದಿನ ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಮೂರನೇ ವಿಷಯದಲ್ಲಿ ಒಂದು ತಪ್ಪಿದೆಯಂತೆ. ಸೋಮವಾರ ಸಂತೆಯ ರಶ್ಶು, ಆ ಬಸ್ ಮುಟ್ಟುವುದು 9.25ಕ್ಕೆ. ಬಾಗಿಲಿಗೆ ನೇತು ಹಾಕಿದ್ದ ಅಜೆಂಡಾ ಹಾಳೆ ತೋರಿಸಿ, ಪೆನ್ನು ಕೊಟ್ಟೆ.